‘ಠಾಣೆಗೆ ಕಳಿಸಬೇಕು’

ಉತ್ತರ ಕರ್ನಾಟಕದಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದೇ ತಮಾಷೆ ನಿಮ್ಹಾನ್ಸ್ ಹೆಸರಿನಲ್ಲಿ ನಡೆಯುತ್ತದೆ. ಮುಂಬೈಯ ಮರಾಠಿಯಲ್ಲಿ ಆ ಊರು ಠಾಣೆ. ಮೂರು ಕಡೆಯೂ ಬದಲಾಗದೆ ಉಳಿದ ಕ್ರಿಯಾಪದ ಒಂದೇ: ಕಳಿಸು. ಮನಸ್ಸಿನ ಆರೋಗ್ಯ ಕೆಟ್ಟವರನ್ನು ಮನೆಯಿಂದ, ಊರಿನಿಂದ ಆಚೆ ಸಾಗಿಸುವುದೇ ಚಿಕಿತ್ಸೆ ಎಂದು ನಂಬಿದ್ದ ಕಾಲದ ನೆನಪು ಆ ಪದದಲ್ಲಿ ಇನ್ನೂ ಉಳಿದಿದೆ.

ಧಾರವಾಡವೂ ಠಾಣೆಯೂ ಒಂದು ಕಾಲಕ್ಕೆ ಒಂದೇ ಮುಂಬೈ ಪ್ರಾಂತ್ಯದಲ್ಲಿದ್ದವು. ಧಾರವಾಡದ ಹುಚ್ಚಾಸ್ಪತ್ರೆ ಶುರುವಾದದ್ದು 1845ರಲ್ಲಿ. ಮುಂಬೈ ನಗರದ ರೋಗಿಗಳು ಕೊಲಾಬಾದ ಆಸ್ಪತ್ರೆಯಲ್ಲಿರುತ್ತಿದ್ದರು. 1858ರ ಕಾಯಿದೆ ಈ ವ್ಯವಸ್ಥೆಯ ಬೆನ್ನೆಲುಬು. ಬೀದಿಯಲ್ಲಿ ಅಲೆಯುವವರನ್ನು ಹಿಡಿದು ತರುವವರು ಪೊಲೀಸರು. ಒಳಗೆ ಕಳಿಸುವ ಆದೇಶ ಮ್ಯಾಜಿಸ್ಟ್ರೇಟರದು. ವೈದ್ಯರು ಪ್ರಮಾಣಪತ್ರ ಬರೆದುಕೊಡುತ್ತಿದ್ದರು. ಹೀಗೆ ಕಾಯಿಲೆಯೊಂದು ಆಸ್ಪತ್ರೆಯನ್ನು ತಲುಪುವ ಮೊದಲೇ ಪೊಲೀಸ್ ಠಾಣೆ ಮತ್ತು ಕಚೇರಿಗಳ ಮೆಟ್ಟಿಲು ಹತ್ತಿಳಿದಿರುತ್ತಿತ್ತು.

ನಗರ ಬೆಳೆದಂತೆ ಕೊಲಾಬಾ ಸಾಲದಾಯಿತು. 1901ರಲ್ಲಿ ಠಾಣೆಯ ನೌಪಾಡಾದಲ್ಲಿ ದಾನಿ ನರೋತ್ತಮದಾಸ್ ಮಾಧವದಾಸ್ ಅವರ ಹೆಸರಿನ ಆಸ್ಪತ್ರೆ ಆರಂಭವಾಯಿತು. ದೇಶದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಬಂದು ನಿಂತದ್ದು ಇದೇ ಠಾಣೆಯಲ್ಲಿ. ಮುಂಬೈಗೆ ಈ ಜಾಗ ಕಣ್ಣಿಗೆ ದೂರ, ರೈಲಿಗೆ ಹತ್ತಿರ. 1912ರ ಹೊಸ ಕಾಯಿದೆಯಲ್ಲಿ ರೋಗಿ ತಾನಾಗಿ ಬಂದು ಸೇರುವ ಅವಕಾಶವಿದ್ದರೂ ಮ್ಯಾಜಿಸ್ಟ್ರೇಟರ ಆದೇಶವೇ ರಾಜಮಾರ್ಗವಾಗಿ ಉಳಿಯಿತು. 1920ರ ದಶಕದಲ್ಲಿ ಇಂಥ ಸಂಸ್ಥೆಗಳ ಬೋರ್ಡಿನ ಮೇಲೆ ‘ಮಾನಸಿಕ ಆಸ್ಪತ್ರೆ’ ಎಂಬ ಹೊಸ ಹೆಸರು ಬಂತು. ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿತು.

ಅದೇ ಹೊತ್ತಿಗೆ ಮುಂಬೈಯಲ್ಲಿ ಇನ್ನೊಂದು ದಾರಿ ಸದ್ದಿಲ್ಲದೆ ತೆರೆದುಕೊಂಡಿತು. ಇಂದು ‘ಟಿಸ್’ ಎಂದು ಹೆಸರಾಗಿರುವ ಟಾಟಾ ಸಮಾಜಕಾರ್ಯ ಸಂಸ್ಥೆ 1937ರಲ್ಲಿ ಮಕ್ಕಳಿಗಾಗಿ ದೇಶದ ಮೊದಲ ಮಾರ್ಗದರ್ಶನ ಕ್ಲಿನಿಕ್ ನಡೆಸಿತು. ಮರುವರ್ಷ ಜೆ.ಜೆ. ಆಸ್ಪತ್ರೆಯಲ್ಲಿ ಮನೋರೋಗಗಳಿಗೆ ಹೊರರೋಗಿ ವಿಭಾಗ ಬಂತು. ಬೆಳಿಗ್ಗೆ ಬಂದು, ಮಾತಾಡಿ, ಔಷಧಿ ಬೇಕಿದ್ದರೆ ತೆಗೆದುಕೊಂಡು ಸಂಜೆ ಮನೆಯಲ್ಲೇ ಊಟ ಮಾಡಬಹುದು ಎಂಬುದು ಆಗ ದೊಡ್ಡ ಮಾತು. ಆ ದಾರಿ ಎಷ್ಟು ಅಗತ್ಯವಾಗಿತ್ತೆಂದು 1946ರ ಭೋರ್ ಸಮಿತಿಯ ವರದಿ ತೋರಿಸಿತು. ನಲವತ್ತು ಕೋಟಿ ಜನರ ದೇಶದಲ್ಲಿ ಮನೋರೋಗಿಗಳಿಗಿದ್ದ ಹಾಸಿಗೆಗಳು ಸುಮಾರು 10,000. ಗೋಡೆ ಕಟ್ಟಿ ತೀರಿಸುವ ಲೆಕ್ಕ ಇದಾಗಿರಲಿಲ್ಲ.

ಉತ್ತರವೊಂದು ಕನ್ನಡ ನಾಡಿನಿಂದ ಬಂತು. ನಿಮ್ಹಾನ್ಸ್ ವೈದ್ಯರು 1970ರ ದಶಕದ ನಡುವೆ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೇ ತರಬೇತಿ ಕೊಟ್ಟರು. ಜ್ವರ, ಕೆಮ್ಮಿಗೆ ಹೋಗುವ ಬಾಗಿಲಲ್ಲೇ ಮನಸ್ಸಿನ ಕಾಯಿಲೆಗೂ ಔಷಧಿ ಸಿಕ್ಕಿತು. 1996ರಲ್ಲಿ ಶುರುವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಈ ನಡುವೆ ಠಾಣೆ ಮುಂಬೈಗೆ ದೂರದ ಊರಾಗಿ ಉಳಿಯಲಿಲ್ಲ. ಡೊಂಬಿವಲಿ, ಕಲ್ಯಾಣಗಳು ಉಬ್ಬಿದವು. ಖಾಡಿಯ ಆಚೆ ನವಿ ಮುಂಬೈ ಎದ್ದಿತು. ಊರು ಬಿಟ್ಟು ಬಂದ ಕುಟುಂಬಗಳು, ಅವರಲ್ಲಿ ಸಾವಿರಾರು ಕನ್ನಡಿಗರು, ಇಲ್ಲಿ ಮನೆ ಮಾಡಿದರು. ಅಪ್ಪ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ರಾತ್ರಿ ಮರಳುವ ಮನೆ. ಮಾತಿಗೆ ಅಜ್ಜಿ, ಚಿಕ್ಕಮ್ಮ ಇಲ್ಲದ ಎರಡು ಕೋಣೆ. ನಡುವೆ ಹತ್ತನೆಯ ತರಗತಿಯ ಪರೀಕ್ಷೆ. ‘ಮಗ ಯಾಕೋ ಮಂಕಾಗಿದ್ದಾನೆ’ ಎಂದರೆ ಟ್ಯೂಷನ್ ಬದಲಿಸುವುದೇ ಪರಿಹಾರವೆನಿಸುತ್ತಿತ್ತು.

1990ರಲ್ಲಿ ಮನೋವೈದ್ಯ ಆನಂದ ನಾಡಕರ್ಣಿ ಠಾಣೆಯಲ್ಲಿ ‘ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್’ ಸ್ಥಾಪಿಸಿದರು. ಹೆಸರಿನಲ್ಲಿ ರೋಗವಿಲ್ಲ, ಆರೋಗ್ಯವಿದೆ. ಅಲ್ಲಿ ಔಷಧಿಯ ಜೊತೆ ಆಪ್ತಸಮಾಲೋಚನೆ ನಡೆಯಿತು. ವಿದ್ಯಾರ್ಥಿಗಳಿಗಾಗಿ ‘ವೇಧ್’ ಎಂಬ ಸಾರ್ವಜನಿಕ ಸಮಾವೇಶ ಹುಟ್ಟಿತು; ಅಂಕಗಳಾಚೆಗೆ ಬದುಕು ಕಟ್ಟಿಕೊಂಡವರು ವೇದಿಕೆಗೆ ಬಂದು ಮಕ್ಕಳೆದುರು ಮಾತಾಡಿದರು. ಊರ ಹೆಸರೇ ಬೈಗುಳವಾಗಿದ್ದ ಕಡೆ, ಜನ ತಾವಾಗಿಯೇ ಬಾಗಿಲು ತಟ್ಟುವ ಜಾಗವೊಂದು ಬೆಳೆಯಿತು.

ಕಾನೂನು ಇಷ್ಟು ಬೇಗ ನಡೆಯಲಿಲ್ಲ. ಬದುಕು ಸಾಕಾಗಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ ವಿದ್ಯಾರ್ಥಿ ಆಸ್ಪತ್ರೆಗೆ ಬಂದರೆ ದಂಡಸಂಹಿತೆಯ 309ನೇ ಕಲಮಿನ ಪ್ರಕಾರ ಅವನು ಆರೋಪಿ. ಪೊಲೀಸ್ ಕೇಸಿಗೆ ಹೆದರಿದ ಮನೆಯವರು ‘ಅಪಘಾತ’ ಎಂದುಬಿಟ್ಟರೆ, ಗಾಯಕ್ಕೆ ಚಿಕಿತ್ಸೆಯಾಗುತ್ತದೆ, ನೋವು ಹಾಗೇ ಮನೆಗೆ ಮರಳುತ್ತದೆ. 1986ರಲ್ಲಿ ಮಾನಸಿಕ ಕಾಯಿಲೆಯಿದ್ದ ಪೊಲೀಸ್ ಪೇದೆಯೊಬ್ಬರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಈ ಕಲಮನ್ನು ಸಂವಿಧಾನಬಾಹಿರ ಎಂದಿತು. 1994ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. 1996ರಲ್ಲಿ ದೊಡ್ಡ ಪೀಠ ಅದನ್ನು ತಿರುಗಿಸಿತು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ, ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ ಎಂದಿತು. 2024ರಲ್ಲಿ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ.

2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಮತ್ತೊಂದು ಹೆಜ್ಜೆ ಇಟ್ಟಿತು: ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರಿರಬೇಕು. ಡೊಂಬಿವಲಿಯ ಶಾಲೆಗೂ ಧಾರವಾಡದ ಕಾಲೇಜಿಗೂ ಅನ್ವಯಿಸುವ ಮಾತಿದು. ಆದರೆ ಆ ಕೋಣೆಗೆ ಯಾರು, ಹೇಗೆ ಹೋಗುತ್ತಾರೆ ಎಂಬುದು ಆದೇಶದಿಂದ ತೀರ್ಮಾನವಾಗುವುದಿಲ್ಲ. ಗಲಾಟೆ ಮಾಡಿದ ಹುಡುಗನನ್ನು ‘ಹೋಗು, ಕೌನ್ಸೆಲರ್ ಹತ್ತಿರ’ ಎಂದು ಮೇಷ್ಟರು ತರಗತಿಯೆದುರೇ ಅಟ್ಟಿದರೆ, ಆ ಕೋಣೆಯೂ ಹಳೆಯ ನೌಪಾಡಾ ಆಗುತ್ತದೆ. ಮರುದಿನ ನಿಜವಾಗಿ ಕಷ್ಟದಲ್ಲಿರುವ ಹುಡುಗಿ ಅತ್ತ ಸುಳಿಯುವುದಿಲ್ಲ.

ಠಾಣೆ ಮತ್ತು ಮುಲುಂಡ್ ನಡುವಿನ ಹೊಸ ರೈಲು ನಿಲ್ದಾಣಕ್ಕೆ ಈಗ ಆ ಮಾನಸಿಕ ಆಸ್ಪತ್ರೆಯ ಜಮೀನಿನ ಒಂದು ಭಾಗವನ್ನೇ ಗೊತ್ತುಮಾಡಲಾಗಿದೆ. ದೂರವೆಂದು ಆರಿಸಿದ ಜಾಗದಲ್ಲೇ ನಾಳೆ ಲೋಕಲ್ ನಿಲ್ಲುತ್ತದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುತ್ತದೆ. ನೆಲದ ಮೇಲಿನ ದೂರವೆಲ್ಲ ಕರಗಿದೆ. ಇನ್ನು ಉಳಿದಿರುವುದು ನಮ್ಮ ಮಾತಿನೊಳಗಿನ ಆ ಕ್ರಿಯಾಪದ. ‘ಕಳಿಸಬೇಕು’ ಎನ್ನುವಲ್ಲಿ ‘ನಡಿ, ನಾನೂ ಬರ್ತೀನಿ’ ಎನ್ನುವುದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ.