ಕುದುರೆಗೂ ಮುಪ್ಪು ಬರುತ್ತದೆ

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1952ರಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಒಂದು ಅಪರೂಪದ ದೃಶ್ಯ ಕಂಡುಬಂತು. ಕುದುರೆ ಸವಾರಿಯ ‘ಡ್ರೆಸಾಜ್’ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗೆದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಗೆ ಪದಕದ ವೇದಿಕೆ ಏರಲು ಆಗುತ್ತಿರಲಿಲ್ಲ. ಚಿನ್ನ ಗೆದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ ಅವರೇ ಆಕೆಯ ಕೈಹಿಡಿದು ವೇದಿಕೆಗೆ ಕರೆತಂದರು. ಅದುವರೆಗೆ ಸೇನಾಧಿಕಾರಿಗಳಿಗೆ ಮಾತ್ರ ಮೀಸಲಾಗಿದ್ದ ಆ ಸ್ಪರ್ಧೆ ಮಹಿಳೆಯರಿಗೆ ತೆರೆದುಕೊಂಡದ್ದು ಆ ವರ್ಷವೇ.

ಹಾರ್ಟೆಲ್ ಅವರಿಗೆ 1944ರಲ್ಲಿ, 23ನೆಯ ವಯಸ್ಸಿನಲ್ಲಿ, ಪೋಲಿಯೊ ತಗಲಿತ್ತು. ಆಗ ಆಕೆ ಗರ್ಭಿಣಿ. ಮೊಣಕಾಲಿನಿಂದ ಕೆಳಗೆ ಶಕ್ತಿ ಮರಳಲೇ ಇಲ್ಲ. ಕುದುರೆಯ ಮೇಲೆ ಆಕೆಯನ್ನು ಇತರರು ಎತ್ತಿ ಕೂರಿಸಬೇಕಾಗಿತ್ತು. ಕೂತ ಮೇಲೆ ಮಾತ್ರ ತೊಡೆ, ಬೆನ್ನು ಮತ್ತು ದೇಹದ ಭಾರದ ಸೂಕ್ಷ್ಮ ಚಲನೆಯಿಂದಲೇ ‘ಜ್ಯೂಬಿಲಿ’ ಎಂಬ ತಮ್ಮ ಹೆಣ್ಣು ಕುದುರೆಯೊಡನೆ ಆಕೆ ಮಾತನಾಡುತ್ತಿದ್ದರು. 1956ರಲ್ಲಿಯೂ ಆಕೆಗೆ ಬೆಳ್ಳಿಯೇ ದೊರೆಯಿತು.

ಈ ಗೆಲುವು ವೈದ್ಯರ ಮತ್ತು ವ್ಯಾಯಾಮ ಚಿಕಿತ್ಸಕರ ಕಣ್ಣು ತೆರೆಸಿತು. ನಡೆಯಲಾರದವರಿಗೆ ಕುದುರೆ ಕಾಲಾಗಬಹುದಲ್ಲವೆ ಎಂಬ ಯೋಚನೆ ಯೂರೋಪಿನ ಹಲವೆಡೆ ಬೇರೂರಿತು. ಇಂಗ್ಲೆಂಡಿನ ಚಿಗ್‌ವೆಲ್‌ನಲ್ಲಿ 1964ರಲ್ಲಿ ಅಂಗವಿಕಲ ಮಕ್ಕಳ ಸವಾರಿಗಾಗಿಯೇ ಒಂದು ಟ್ರಸ್ಟ್ ಆರಂಭವಾಯಿತು. 1969ರಲ್ಲಿ ಬ್ರಿಟನ್ನಿನಲ್ಲಿ ‘ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್’ ಸ್ಥಾಪನೆಯಾಯಿತು. ಅದೇ ವರ್ಷ ಅಮೆರಿಕದಲ್ಲಿಯೂ ಇಂಥದೇ ರಾಷ್ಟ್ರಮಟ್ಟದ ಸಂಘ ಹುಟ್ಟಿಕೊಂಡಿತು. ಜರ್ಮನಿ, ಆಸ್ಟ್ರಿಯ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ವೈದ್ಯರ ಮೇಲ್ವಿಚಾರಣೆಯ ಸವಾರಿ ಚಿಕಿತ್ಸೆ ಬೆಳೆಯಿತು.

ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಸವಾರನನ್ನೇ ನೋಡುತ್ತೇವೆ. ಆದರೆ ಹೊತ್ತದ್ದು ಕುದುರೆ. ಅದಕ್ಕೂ ವಯಸ್ಸಾಗುತ್ತದೆ. ಆಮೇಲೆ ಅದರ ಗತಿಯೇನು?

ವಯಸ್ಸೇ ಅರ್ಹತೆ

ಕುದುರೆಯ ಬೆನ್ನಿನ ಮೇಲೆ ಕೂತವನಿಗೆ ಚಿಕಿತ್ಸೆ ದೊರೆಯುವ ಬಗೆ ಸರಳವಾದದ್ದು. ಕುದುರೆ ನಡೆಯುವಾಗ ಅದರ ಬೆನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಲಯಬದ್ಧವಾಗಿ ಅಲುಗುತ್ತದೆ. ಈ ಚಲನೆ ಸವಾರನ ಸೊಂಟಕ್ಕೆ ದಾಟುತ್ತದೆ. ಮನುಷ್ಯ ತನ್ನ ಕಾಲಿನ ಮೇಲೆ ನಡೆಯುವಾಗ ಸೊಂಟ ಚಲಿಸುವ ರೀತಿಗೂ ಇದಕ್ಕೂ ಬಹಳ ಹೋಲಿಕೆಯಿದೆ. ಸೆರೆಬ್ರಲ್ ಪಾಲ್ಸಿಯಿಂದ ಸ್ನಾಯುಗಳು ಬಿಗಿದುಕೊಂಡ ಮಗುವಿಗೆ ನಡಿಗೆಯ ಲಯವನ್ನು ಹೀಗೆ ಎರವಲು ಕೊಡಲಾಗುತ್ತದೆ. ಬೀಳದಂತೆ ಕೂರುವ ಪ್ರಯತ್ನದಲ್ಲಿ ಬೆನ್ನು, ಹೊಟ್ಟೆ ಮತ್ತು ಕತ್ತಿನ ಸ್ನಾಯುಗಳು ಕೆಲಸ ಕಲಿಯುತ್ತವೆ.

ಈ ಕೆಲಸಕ್ಕೆ ಎಲ್ಲ ಕುದುರೆಗಳೂ ಒದಗುವುದಿಲ್ಲ. ಮಗು ಇದ್ದಕ್ಕಿದ್ದಂತೆ ಕಿರುಚಬಹುದು, ಜೂಲನ್ನು ಹಿಡಿದೆಳೆಯಬಹುದು, ಒಂದು ಪಕ್ಕಕ್ಕೆ ವಾಲಿಬಿಡಬಹುದು. ಮುಂದೆ ಒಬ್ಬರು ಹಗ್ಗ ಹಿಡಿದಿರುತ್ತಾರೆ, ಎರಡೂ ಬದಿಗೆ ಇಬ್ಬರು ಒತ್ತಿಕೊಂಡು ನಡೆಯುತ್ತಾರೆ. ಗಾಲಿಕುರ್ಚಿ ಹತ್ತಿರ ಬಂದು ನಿಲ್ಲುತ್ತದೆ, ಚೆಂಡು ಕಾಲ ಬಳಿ ಉರುಳುತ್ತದೆ. ಇಷ್ಟಕ್ಕೂ ಬೆದರದೆ ನಿಲ್ಲಬಲ್ಲದ್ದು ಬಾಳನ್ನು ಸಾಕಷ್ಟು ಕಂಡ ಕುದುರೆ. ಆದ್ದರಿಂದಲೇ ರೇಸಿನಲ್ಲಿ, ಪೋಲೊದಲ್ಲಿ, ಸವಾರಿ ಶಾಲೆಗಳಲ್ಲಿ ದುಡಿದು ಹತ್ತು ಹದಿನೈದು ವರ್ಷ ದಾಟಿದ ಕುದುರೆಗಳು ದಾನವಾಗಿ ಈ ಕೇಂದ್ರಗಳಿಗೆ ಬರುತ್ತವೆ. ಬೇರೆಡೆ ಕೊರತೆಯೆನಿಸುವ ನಿಧಾನ ಇಲ್ಲಿ ಗುಣವಾಗುತ್ತದೆ.

ಕುದುರೆಯ ಆಯುಸ್ಸು ಸಾಮಾನ್ಯವಾಗಿ 25ರಿಂದ 30 ವರ್ಷ. ಹದಿನೈದಕ್ಕೆ ಬಂದ ಕುದುರೆ ಕೆಲವು ವರ್ಷ ದುಡಿದ ಮೇಲೂ ಬದುಕಿರುತ್ತದೆ, ದುಡಿಯುವ ಕುದುರೆಯಷ್ಟೇ ತಿನ್ನುತ್ತದೆ, ವೈದ್ಯರ ಖರ್ಚಂತೂ ಹೆಚ್ಚೇ. ದಾನಿಗಳ ಹಣದಿಂದ ನಡೆಯುವ ಸಂಸ್ಥೆಗೆ ಇದು ಸಣ್ಣ ಪ್ರಶ್ನೆಯಲ್ಲ. ಒಂದು ಮುದಿ ಕುದುರೆಯ ಲಾಯದಲ್ಲಿ ದುಡಿಯುವ ಇನ್ನೊಂದು ಕುದುರೆಯನ್ನು ಕಟ್ಟಬಹುದು. ಆ ಕುದುರೆ ಬಂದರೆ ಸರದಿಗಾಗಿ ಕಾಯುತ್ತಿರುವ ಮಕ್ಕಳಿಗೆ ಅವಕಾಶ ದೊರೆಯುತ್ತದೆ. ಹಾಗಾದರೆ ಮುದಿ ಕುದುರೆಯ ಹಕ್ಕು ಯಾವುದು?

ಹಳೆಯ ಪ್ರಶ್ನೆ

ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ. ರೋಮಿನ ರಾಜಕಾರಣಿ ಕೇಟೊ ಮಿತವ್ಯಯಕ್ಕೆ ಹೆಸರಾದವನು. ಕ್ರಿ.ಪೂ. 195ರಲ್ಲಿ ಕಾನ್ಸಲ್ ಆಗಿ ಸ್ಪೇನಿನಲ್ಲಿ ಯುದ್ಧ ಮಾಡಿದ ಅವನು, ಅಲ್ಲಿ ತನ್ನನ್ನು ಹೊತ್ತ ಕುದುರೆಯನ್ನು ಅಲ್ಲಿಯೇ ಬಿಟ್ಟುಬಂದ. ಹಡಗಿನ ಬಾಡಿಗೆಯ ಹೊರೆ ಸರ್ಕಾರದ ಮೇಲೆ ಬೀಳಬಾರದೆಂಬುದು ಅವನು ಕೊಟ್ಟ ಕಾರಣ. ಅವನ ಜೀವನಚರಿತ್ರೆ ಬರೆದ ಗ್ರೀಕ್ ಲೇಖಕ ಪ್ಲುಟಾರ್ಕ್‌ಗೆ ಇದು ದೊಡ್ಡತನವೋ ಸಣ್ಣತನವೋ ಎಂಬ ಅನುಮಾನ. ಅದಕ್ಕೆ ಎದುರಾಗಿ ಅವನು ಅಥೆನ್ಸಿನ ಒಂದು ಕಥೆ ಹೇಳುತ್ತಾನೆ. ದೇವಾಲಯ ಕಟ್ಟುವಾಗ ಚೆನ್ನಾಗಿ ದುಡಿದ ಹೇಸರಗತ್ತೆಗಳನ್ನು ಅಥೆನ್ಸಿನ ಜನ ಸ್ವತಂತ್ರವಾಗಿ ಮೇಯಲು ಬಿಟ್ಟರಂತೆ. ಅವುಗಳಲ್ಲಿ ಒಂದು ತಾನಾಗಿಯೇ ಮರಳಿ ಬಂದು, ಹೊರೆ ಎಳೆಯುವ ಪ್ರಾಣಿಗಳ ಮುಂದೆ ನಡೆದು ದಾರಿ ತೋರಿಸುತ್ತಿತ್ತಂತೆ. ಅದು ಸಾಯುವವರೆಗೂ ಸಾರ್ವಜನಿಕ ಖರ್ಚಿನಲ್ಲಿ ಸಾಕಬೇಕೆಂದು ಜನ ನಿರ್ಣಯಿಸಿದರಂತೆ. ದುಡಿದ ಪ್ರಾಣಿಗೆ ನಿವೃತ್ತಿವೇತನ ಕೊಟ್ಟ ಈ ಕಥೆ ಇಂದಿಗೂ ಹೊಸದೇ.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಬಾಡಿಗೆ ಗಾಡಿಯ ಕುದುರೆಗಳು ಸವೆದುಹೋಗುವವರೆಗೆ ಎಳೆಯುತ್ತಿದ್ದವು. ಅವುಗಳ ದಾರಿ ಕಡೆಗೆ ಕಸಾಯಿಖಾನೆಗೆ ಮುಟ್ಟುತ್ತಿತ್ತು. 1877ರಲ್ಲಿ ಪ್ರಕಟವಾದ ಅನ್ನಾ ಸೀವೆಲ್ ಅವರ ‘ಬ್ಲ್ಯಾಕ್ ಬ್ಯೂಟಿ’ ಕಾದಂಬರಿ ಈ ಬಾಳನ್ನು ಕುದುರೆಯ ಬಾಯಿಂದಲೇ ಹೇಳಿಸಿತು. ಅದನ್ನು ಓದಿ ಮನಕರಗಿದ ಆ್ಯನ್ ಲಿಂಡೊ ಎಂಬ ಮಹಿಳೆ 1886ರಲ್ಲಿ ಕುದುರೆಗಳ ವಿಶ್ರಾಂತಿಧಾಮವೊಂದನ್ನು ಸ್ಥಾಪಿಸಿದರು. ಬಡ ಗಾಡಿಯವನು ದಣಿದ ಕುದುರೆಯನ್ನು ಅಲ್ಲಿ ಬಿಟ್ಟು, ಅಷ್ಟು ದಿನಕ್ಕೆ ಬೇರೊಂದು ಕುದುರೆಯನ್ನು ಪಡೆಯಬಹುದಾಗಿತ್ತು. ಕುದುರೆಗೆ ವಿಶ್ರಾಂತಿ ಬೇಕಾದರೆ ಅದರ ಯಜಮಾನನ ಹೊಟ್ಟೆಯನ್ನೂ ನೋಡಬೇಕೆಂಬ ಅರಿವು ಇದರಲ್ಲಿತ್ತು.

ಕೈರೋದ ಪಾಠ

ಮೊದಲ ಮಹಾಯುದ್ಧದ ಕಥೆ ಕನ್ನಡಿಗರಿಗೂ ಸಂಬಂಧಿಸಿದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ವಶಪಡಿಸಿಕೊಂಡ ಅಶ್ವದಳದಲ್ಲಿ ಜೋಧಪುರದವರೊಂದಿಗೆ ಮೈಸೂರು ಲ್ಯಾನ್ಸರ್ಸ್ ಯೋಧರೂ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಯೋಧರ ಹೆಸರು ಕಲ್ಲಿನಲ್ಲಿ ಉಳಿಯಿತು. ಆ ರಣರಂಗದ ಕುದುರೆಗಳ ಪಾಲಿಗೆ ಬಂದದ್ದು ಬೇರೆ. ಯುದ್ಧ ಮುಗಿದಾಗ ಬ್ರಿಟಿಷ್ ಸೇನೆಗೆ ಅವು ಹೆಚ್ಚುವರಿ ಸಾಮಾನಾದವು. ವಯಸ್ಸಾದ, ಅಶಕ್ತವಾದ ಎಷ್ಟೋ ಕುದುರೆಗಳನ್ನು ಗುಂಡಿಟ್ಟು ಕೊಲ್ಲಲಾಯಿತು. ಉಳಿದವುಗಳಲ್ಲಿ ಸಾವಿರಾರು ಕುದುರೆಗಳು ಈಜಿಪ್ಟಿನಲ್ಲಿ ಮಾರಾಟವಾಗಿ ಕಲ್ಲುಗಣಿ, ಗಿರಣಿ ಮತ್ತು ಗಾಡಿಗಳಿಗೆ ಸೇರಿದವು.

ಹನ್ನೆರಡು ವರ್ಷಗಳ ನಂತರ, 1930ರಲ್ಲಿ, ಅಶ್ವದಳದ ಅಧಿಕಾರಿಯೊಬ್ಬರ ಪತ್ನಿ ಡಾರೊಥಿ ಬ್ರೂಕ್ ಕೈರೋಗೆ ಬಂದರು. ಬೀದಿಯಲ್ಲಿ ಎಲುಬು ಕಾಣುವ ಮುದಿ ಕುದುರೆಗಳ ಮೈಮೇಲೆ ಬ್ರಿಟಿಷ್ ಸೇನೆಯ ಬಾಣದ ಮುದ್ರೆಯನ್ನು ಆಕೆ ಗುರುತಿಸಿದರು. 1931ರಲ್ಲಿ ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಆಕೆ ಬರೆದ ಪತ್ರಕ್ಕೆ ಓದುಗರು ಧಾರಾಳವಾಗಿ ಹಣ ಕಳಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಐದು ಸಾವಿರ ಕುದುರೆಗಳನ್ನು ಕೊಂಡು ಬಿಡಿಸಲಾಯಿತು. 1934ರಲ್ಲಿ ಒಂದು ಆಸ್ಪತ್ರೆಯೂ ಆರಂಭವಾಯಿತು. ಆಕೆಯ ಹೆಸರಿನ ಸಂಸ್ಥೆ ಇಂದು ಭಾರತದಲ್ಲಿಯೂ ದುಡಿಯುವ ಕುದುರೆ ಕತ್ತೆಗಳ ಆರೈಕೆಯಲ್ಲಿ ತೊಡಗಿದೆ.

ಕೊಂಡ ಕುದುರೆಗಳಲ್ಲಿ ಬಹುಪಾಲಿಗೆ ಇಪ್ಪತ್ತು ದಾಟಿತ್ತು, ಮೈ ಸಂಪೂರ್ಣ ಸೋತಿತ್ತು. ಅಂಥವಕ್ಕೆ ಕೆಲವು ದಿನ ಹೊಟ್ಟೆತುಂಬ ಮೇವು, ಮಲಗಲು ಮೆತ್ತನೆಯ ಹುಲ್ಲು, ನೆರಳು ಕೊಟ್ಟು, ಆಮೇಲೆ ನೋವಿಲ್ಲದಂತೆ ಪ್ರಾಣ ತೆಗೆಸಲಾಯಿತು. ಪ್ರಾಣಿದಯೆ ಎಂದರೆ ಹೇಗಾದರೂ ಉಸಿರು ಉಳಿಸುವುದು ಎಂದು ನಂಬಿದವರಿಗೆ ಇದು ಕಠಿಣವಾಗಿ ತೋರಬಹುದು. ಆದರೆ ಮುಪ್ಪಿನ ಆರೈಕೆಯಲ್ಲಿ ಯಾವಾಗ ನಿಲ್ಲಿಸಬೇಕೆಂಬ ತೀರ್ಮಾನವೂ ಸೇರಿದೆ ಎಂಬುದು ಕೈರೋದ ಪಾಠ.

ಹಲ್ಲು, ಗೊರಸು, ನಿದ್ರೆ

ಮುಪ್ಪಿನ ಕುದುರೆಯ ಆರೈಕೆ ಬಾಯಿಯಿಂದ ಆರಂಭವಾಗುತ್ತದೆ. ಹಲ್ಲು ನೋಡಿ ಕುದುರೆಯ ವಯಸ್ಸು ಹೇಳುವ ವಿದ್ಯೆ ಹಳೆಯದು. ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿಯೂ ಅದರ ಲೆಕ್ಕವಿದೆ. ಕುದುರೆಯ ಹಲ್ಲು ಒಸಡಿನೊಳಗೆ ಉದ್ದವಾಗಿ ಹುದುಗಿದ್ದು ವರ್ಷಕ್ಕೆ ಎರಡು ಮೂರು ಮಿಲಿಮೀಟರ್‌ನಂತೆ ಹೊರಬರುತ್ತದೆ, ಅಷ್ಟೇ ಸವೆಯುತ್ತದೆ. ಇಪ್ಪತ್ತೈದರ ಹೊತ್ತಿಗೆ ಈ ದಾಸ್ತಾನು ಮುಗಿಯುತ್ತ ಬರುತ್ತದೆ. ಅರ್ಧ ಅಗಿದ ಹುಲ್ಲಿನ ಉಂಡೆಗಳು ಬಾಯಿಂದ ಉದುರತೊಡಗಿದರೆ ಹಲ್ಲು ಕೆಟ್ಟಿದೆಯೆಂದು ಅರ್ಥ. ಆಗ ಚೂಪಾದ ಅಂಚುಗಳನ್ನು ಅರದಿಂದ ಉಜ್ಜಿಸಬೇಕು. ನೆನೆಸಿ ಮೆತ್ತಗಾದ ಮೇವನ್ನು ದಿನಕ್ಕೆ ಹಲವು ಸಲ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಪ್ರಾಯದ ಕುದುರೆಗಳು ತಳ್ಳಿಹಾಕದಂತೆ ಬೇರೆಯಾಗಿ ಕಟ್ಟಿ ಮೇಯಿಸಬೇಕು. ನಮ್ಮ ನಾಡಿನಲ್ಲಿ ಕುದುರೆಗೆ ಹುರುಳಿಯನ್ನು ಬೇಯಿಸಿಯೇ ಇಡುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಇಂಗ್ಲಿಷಿನವರು ಆ ಕಾಳಿಗೆ ಕುದುರೆಯ ಹೆಸರನ್ನೇ ಇಟ್ಟಿದ್ದಾರೆ.

ಬೇಸಿಗೆ ಬಂದರೂ ಚಳಿಗಾಲದ ಉದ್ದ ಕೂದಲು ಉದುರದಿದ್ದರೆ ಅದು ಪಿಟ್ಯುಟರಿ ಗ್ರಂಥಿಯ ಕಾಯಿಲೆಯ ಲಕ್ಷಣವಿರಬಹುದು. ಇದು ಗೊರಸಿನ ಒಳಪದರ ಊದಿಕೊಂಡು ಹೆಜ್ಜೆಯಿಡಲಾಗದ ಸ್ಥಿತಿಗೂ ಒಯ್ಯಬಲ್ಲದು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸರಿಮಾಡಬೇಕು. ಲಾಳ ಕಟ್ಟುವಾಗ ಕೀಲುನೋವಿನ ಕುದುರೆ ಕಾಲನ್ನು ಹೆಚ್ಚು ಹೊತ್ತು ಎತ್ತಿ ಹಿಡಿಯಲಾರದು. ಕೆಲಸಗಾರನಿಗೆ ತಾಳ್ಮೆ ಬೇಕು. ಕುದುರೆ ನಿಂತೇ ತೂಕಡಿಸುತ್ತದೆಂಬುದು ನಿಜ. ಆದರೆ ಗಾಢ ನಿದ್ರೆಗೆ ಅದು ಮಲಗಲೇಬೇಕು. ಮಲಗಿದರೆ ಏಳಲಾರೆನೆಂಬ ಭಯದಿಂದ ಮುದಿ ಕುದುರೆ ದಿನಗಟ್ಟಲೆ ನಿಂತೇ ಇದ್ದು ನಿದ್ರೆಗೆಡುವುದುಂಟು. ಅದಕ್ಕೇ ದಪ್ಪನೆಯ ಹಾಸು, ಅಗಲವಾದ ಲಾಯ ಬೇಕಾಗುತ್ತದೆ.

ಇವೆಲ್ಲ ಕುದುರೆಯ ಮೇಲಿನ ಕನಿಕರ ಮಾತ್ರವೆಂದು ತಿಳಿಯಬಾರದು. ಕುದುರೆಯ ಹೆಜ್ಜೆಯೇ ಇಲ್ಲಿ ಔಷಧ. ಒಂದು ಕಾಲು ನೋಯುವ ಕುದುರೆ ಕುಂಟಿದರೆ ಆ ಕುಂಟು ಮಗುವಿನ ಬೆನ್ನುಮೂಳೆಗೆ ನೇರವಾಗಿ ದಾಟುತ್ತದೆ. ಬೆನ್ನು ಜಗ್ಗಿದ ಕುದುರೆಗೆ ಹಳೆಯ ಜೀನು ಒತ್ತಿದರೆ, ಬಾಯಿ ಸತ್ತ ಆ ಪ್ರಾಣಿ ಕಿವಿ ಹಿಂದಕ್ಕೆ ಮಡಚಿ, ಬಾಲ ಬೀಸಿ ಮಾತ್ರ ಹೇಳಬಲ್ಲದು. ಕೇಳಿಸಿಕೊಳ್ಳದಿದ್ದರೆ ಒಂದು ದಿನ ಒದೆಯಬಹುದು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬ ಮಿತಿಯುಂಟು. 450 ಕಿಲೊ ತೂಗುವ ಕುದುರೆಗೆ ಅದು 90 ಕಿಲೊ. ವಯಸ್ಸಾದಂತೆ ಇದನ್ನು ಇನ್ನೂ ಇಳಿಸಬೇಕು. ಸಹಿಸಿಕೊಳ್ಳುವ ಗುಣಕ್ಕಾಗಿಯೇ ಆರಿಸಿದ ಕುದುರೆಯ ಅಪಾಯವೂ ಅಲ್ಲೇ ಇದೆ. ಅದು ನೋವನ್ನೂ ಸಹಿಸಿಕೊಂಡುಬಿಡುತ್ತದೆ.

ಸಾಲ ತೀರಿಸುವ ಬಗೆ

ತಿಳಿವಳಿಕೆಯುಳ್ಳ ಕೇಂದ್ರಗಳು ನಿವೃತ್ತಿಯನ್ನು ಒಂದೇ ದಿನ ಹೇರುವುದಿಲ್ಲ. ಮೊದಲು ಭಾರದ ಸವಾರರನ್ನು ತಪ್ಪಿಸಿ ಪುಟ್ಟ ಮಕ್ಕಳನ್ನಷ್ಟೇ ಕೂರಿಸುತ್ತಾರೆ. ಅನಂತರ ಬೆನ್ನಿನ ಮೇಲಿನ ಕೆಲಸ ನಿಲ್ಲುತ್ತದೆ. ಮಗು ಅದಕ್ಕೆ ಮಾಲೀಸು ಮಾಡುತ್ತದೆ, ಹಗ್ಗ ಹಿಡಿದು ಅಂಗಳ ಸುತ್ತಿಸುತ್ತದೆ. ಬ್ರಷ್ಷು ಹಿಡಿದು ಕೈ ಚಾಚುವುದೇ ಆ ಮಗುವಿಗೆ ವ್ಯಾಯಾಮ. ಕಡೆಗೆ ಜೊತೆಗಾರ ಕುದುರೆಯೊಡನೆ ಹುಲ್ಲುಗಾವಲಿನ ವಿಶ್ರಾಂತಿ. ಕುದುರೆ ಗುಂಪಿನ ಪ್ರಾಣಿ, ಒಂಟಿತನ ಅದಕ್ಕೆ ಶಿಕ್ಷೆ. ದಾನ ಪಡೆಯುವಾಗಲೇ ಮುಪ್ಪಿನ ಖರ್ಚು ಯಾರದೆಂದು ಬರೆದಿಟ್ಟುಕೊಂಡರೆ ಮುಂದೆ ಕೇಟೊನ ಲೆಕ್ಕಾಚಾರಕ್ಕೆ ಇಳಿಯಬೇಕಾಗುವುದಿಲ್ಲ.

ಬೆಂಗಳೂರು, ಮೈಸೂರುಗಳ ರೇಸಿನಲ್ಲಿ ಓಡುವ ಕುದುರೆಯ ಓಟದ ಬಾಳು ಕೆಲವೇ ವರ್ಷಗಳದು. ಅದರಾಚೆ ಎರಡು ದಶಕಗಳ ಆಯುಸ್ಸು ಉಳಿದಿರುತ್ತದೆ. ಗೆದ್ದಾಗ ಅದರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಆಮೇಲಿನದು ಯಾರಿಗೂ ಸುದ್ದಿಯಲ್ಲ. ಅಂಥ ಕುದುರೆಗೆ ಮಕ್ಕಳ ಸೇವೆಯ ಎರಡನೆಯ ಬಾಳು ದೊರೆತರೆ ಒಳ್ಳೆಯದೇ. ಆದರೆ ಎರಡನೆಯ ಬಾಳು ಕೊಟ್ಟವರು ಮೂರನೆಯದಕ್ಕೂ ಹೊಣೆಯಾಗಬೇಕು.

ಹೇಸರಗತ್ತೆಗೆ ಜೀವನಪೂರ್ತಿ ಮೇವು ಕೊಡಲು ಅಥೆನ್ಸಿನ ಜನ ನಿರ್ಣಯಿಸಿದಾಗ ಅದು ಇನ್ನೆಷ್ಟು ಹೊರೆ ಎಳೆಯಬಲ್ಲದೆಂದು ಯಾರೂ ಕೇಳಲಿಲ್ಲ. ಎಳೆದಿದ್ದ ಹೊರೆಯೇ ಅವರಿಗೆ ಸಾಕಾಗಿತ್ತು. ತನ್ನ ಕಾಲಿನಿಂದ ನಿಲ್ಲಲಾರದ ಮಗುವನ್ನು ಇಷ್ಟು ವರ್ಷ ಹೊತ್ತು ನಡೆದ ಕುದುರೆ ಒಂದು ದಿನ ತಾನೇ ನಿಲ್ಲಲಾರದೆ ನಡುಗುತ್ತದೆ. ಆಗ ಅದರ ಪಕ್ಕದಲ್ಲಿ ಆತು ನಿಲ್ಲುವ ಸರದಿ ನಮ್ಮದು.