ಅಮೆರಿಕದ ರಾಜ್ಯಾಂಗವೂ ಕುಂದಾಪುರದ ಪಾಠಶಾಲೆಯೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಭಾರತದ ಸಂವಿಧಾನವನ್ನು ಪಾಠ ಹೇಳಲು ತೊಡಗಿದ ಉಪಾಧ್ಯಾಯನು ಎರಡನೆಯ ದಿವಸವೋ ಮೂರನೆಯ ದಿವಸವೋ ಅಮೆರಿಕದ ಹೆಸರನ್ನು ಎತ್ತಲೇಬೇಕಾಗುತ್ತದೆ. ಮೂಲಭೂತ ಹಕ್ಕುಗಳ ಪ್ರಸಂಗದಲ್ಲಿಯೂ, ಸರ್ವೋಚ್ಚ ನ್ಯಾಯಾಲಯದ ಪ್ರಸಂಗದಲ್ಲಿಯೂ, ಪ್ರಸ್ತಾವನೆಯ ಮೊದಲ ನುಡಿಯಲ್ಲಿಯೇ ಪ್ರಜೆಗಳು ಕರ್ತೃಸ್ಥಾನದಲ್ಲಿ ನಿಲ್ಲುವುದನ್ನು ವಿವರಿಸುವಾಗಲೂ ಆ ದೇಶವು ನೆನಪಿಗೆ ಬಾರದೆ ಇರದು. ಆಗ ಹಿಂದಿನ ಸಾಲಿನಿಂದ ಹುಡುಗನೊಬ್ಬನು “ಅದ್ ನಮ್ಗೆಂತಕ್ಕೆ ಮಾಷ್ಟ್ರೇ?” ಎಂದು ಕೇಳಿಬಿಡುವುದುಂಟು. ಪ್ರಶ್ನೆಯು ಅವಿನಯದ್ದಲ್ಲ, ನ್ಯಾಯವಾದುದೇ. ಇದಕ್ಕೆ ಪರೀಕ್ಷೆಯಲ್ಲಿ ಅಂಕ ಬರುತ್ತದೆಂಬ ಉತ್ತರವನ್ನು ಕೊಟ್ಟು ಮುಂದೆ ಹೋದರೆ ಆ ಪಾಠವು ಅಲ್ಲಿಗೇ ಮುಗಿದಂತೆ. ಸದುತ್ತರವನ್ನು ಹುಡುಕಲು ಫಿಲಡೆಲ್ಫಿಯಾದವರೆಗೆ ಹೋಗಬೇಕಾಗಿಲ್ಲ. ಪಂಚಗಂಗಾವಳಿಯ ಅಳಿವೆಯಲ್ಲಿ ನಿಂತರೆ ಸಾಕು.

ಕ್ರಿ. ಶ. 1783ರ ಜನವರಿ ತಿಂಗಳಲ್ಲಿ ಮುಂಬಯಿ ಸರಕಾರದ ಸೇನಾನಿ ಜನರಲ್ ಮ್ಯಾಥ್ಯೂಸ್ ಎಂಬವನು ಹೊನ್ನಾವರವನ್ನು ಗೆದ್ದ ತರುವಾಯ ಸಮುದ್ರಮಾರ್ಗವಾಗಿ ಬಂದು ಕುಂದಾಪುರವನ್ನು ಹಿಡಿದನು. ಅಲ್ಲಿಂದ ಹೊಸಂಗಡಿಯ ಘಾಟಿಯನ್ನೇರಿ ಅದೇ ತಿಂಗಳ ಕೊನೆಗೆ ಬಿದನೂರನ್ನು ವಶಪಡಿಸಿಕೊಂಡನು. ಹೈದರಲಿಯು ತೀರಿಕೊಂಡು ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಟಿಪ್ಪೂಸುಲ್ತಾನನು ಪೂರ್ವಸೀಮೆಯಿಂದ ಧಾವಿಸಿ ಬಂದು ಬೇಸಗೆ ಕಳೆಯುವುದರೊಳಗೆ ಬಿದನೂರನ್ನು ಮರಳಿ ಪಡೆದನು; ಮ್ಯಾಥ್ಯೂಸನು ಸೆರೆಯಲ್ಲಿಯೇ ಸತ್ತನು. ಆ ಬಳಿಕ ಮಂಗಳೂರಿಗೆ ಮುತ್ತಿಗೆ ಬಿದ್ದು, 1784ರ ಮಾರ್ಚ್ 11ರಂದು ಅಲ್ಲಿ ಒಡಂಬಡಿಕೆಯಾದುದು ವಾಚಕರಿಗೆ ಸುವಿದಿತವೇ.

ಇಷ್ಟನ್ನು ಮಕ್ಕಳು ಮೈಸೂರು ಯುದ್ಧಗಳ ಪಾಠದಲ್ಲಿ ಹೇಗೂ ಕೇಳುತ್ತಾರೆ. ಆದರೆ ಆ ಯುದ್ಧದ ಒಂದು ಬೇರು ಅಮೆರಿಕದಲ್ಲಿತ್ತೆಂಬುದನ್ನು ಯಾರೂ ಅವರಿಗೆ ಹೇಳುವುದಿಲ್ಲ. 1776ರಲ್ಲಿ ಅಮೆರಿಕದ ಹದಿಮೂರು ವಸಾಹತುಗಳು ಇಂಗ್ಲೆಂಡಿನ ಅರಸನಿಂದ ತಾವು ಸ್ವತಂತ್ರವೆಂದು ಸಾರಿದವು. 1778ರಲ್ಲಿ ಫ್ರಾನ್ಸು ಅವುಗಳ ಪಕ್ಷವನ್ನು ವಹಿಸಿತು. ಫ್ರೆಂಚರೊಡನೆ ಯುದ್ಧವೆಂದೊಡನೆ ಕುಂಪಣಿಯವರು ಭಾರತದಲ್ಲಿದ್ದ ಫ್ರೆಂಚರ ಠಾಣೆಗಳನ್ನು ಒಂದೊಂದಾಗಿ ಕಿತ್ತುಕೊಂಡು, 1779ರಲ್ಲಿ ಮಾಹೆಯನ್ನೂ ಹಿಡಿದರು. ಮಾಹೆಯು ಹೈದರನಿಗೆ ಮದ್ದುಗುಂಡು ಬಂದಿಳಿಯುತ್ತಿದ್ದ ರೇವು. ಅದು ತನ್ನ ರಕ್ಷಣೆಯಲ್ಲಿರುವುದೆಂದು ಅವನು ಮೊದಲೇ ಎಚ್ಚರಿಸಿದ್ದನು. 1780ರಲ್ಲಿ ಅವನು ಕರ್ನಾಟಿಕದ ಮೇಲೆ ನುಗ್ಗಿದುದಕ್ಕೆ ಇದೊಂದೇ ಕಾರಣವೆನ್ನುವುದು ತಪ್ಪು. ಮರಾಠರ ಮುಂದೆ ಕೈಬಿಟ್ಟುಹೋದ ಕುಂಪಣಿಯವರ ಮೇಲೆ ಅವನಿಗೆ ಹಳೆಯ ಸಿಟ್ಟೂ ಇತ್ತು. ಆದರೂ ಮಾಹೆಯು ಕಿಡಿಯಾಯಿತೆಂಬುದರಲ್ಲಿ ಸಂದೇಹವಿಲ್ಲ.

ಇನ್ನೊಂದು ಸಂಗತಿಯು ಮಕ್ಕಳ ಮನಸ್ಸಿಗೆ ಬಹಳ ಹಿಡಿಸತಕ್ಕದ್ದು. ಇಂಗ್ಲೆಂಡು ಫ್ರಾನ್ಸುಗಳ ನಡುವೆ ಸಂಧಿಯ ಪೂರ್ವಕರಾರಿಗೆ ರುಜು ಬಿದ್ದುದು 1783ರ ಜನವರಿ 20ರಂದು. ಎಂದರೆ ಮ್ಯಾಥ್ಯೂಸನು ಈ ಕಡಲತಡಿಯಲ್ಲಿ ಯುದ್ಧ ಮಾಡುತ್ತಿದ್ದ ತಿಂಗಳಲ್ಲಿಯೇ. ಸುದ್ದಿಯು ಹಡಗಿನಲ್ಲಿ ಬರಬೇಕಾದ ಕಾಲವದು. ಅದು ಬಂದು ಮುಟ್ಟುವಾಗ ಮಳೆಗಾಲ ಹಿಡಿದಿತ್ತು. ಆಗ ಟಿಪ್ಪುವಿನ ಸಂಗಡ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ ಫ್ರೆಂಚ್ ಪಡೆಯು ತನಗೂ ಆಂಗ್ಲರಿಗೂ ಈಗ ವೈರವಿಲ್ಲವೆಂದು ಯುದ್ಧದಿಂದ ಹಿಂದೆ ಸರಿಯಿತು. ನೆರವುಗಾರರು ನಡುನೀರಿನಲ್ಲಿ ಕೈಬಿಟ್ಟರೆಂದು ಟಿಪ್ಪುವಿಗೆ ಆದ ಕೋಪವನ್ನು ಊಹಿಸಲು ಹನ್ನೆರಡು ವರ್ಷದ ಹುಡುಗನಿಗೆ ಯಾವ ಪುಸ್ತಕವೂ ಬೇಡ. ಅಮೆರಿಕದ ಚರಿತ್ರೆಯು “ನಮ್ಗೆಂತಕ್ಕೆ” ಎಂಬ ಪ್ರಶ್ನೆಗೆ ಇದು ಮೊದಲ ಉತ್ತರ.

ಹೀಗೆ ಬಾಗಿಲು ತೆರೆದ ಬಳಿಕ 1787ರ ಫಿಲಡೆಲ್ಫಿಯಾ ಸಭೆಗೆ ಬರಬಹುದು. ಸ್ವತಂತ್ರವಾದ ಹದಿಮೂರು ಸಂಸ್ಥಾನಗಳು ಒಂದು ಸಡಿಲವಾದ ಒಕ್ಕೂಟವನ್ನು ಮಾಡಿಕೊಂಡಿದ್ದವು. ಆ ಒಕ್ಕೂಟಕ್ಕೆ ತೆರಿಗೆ ಎತ್ತುವ ಅಧಿಕಾರವಿರಲಿಲ್ಲ. ಆದುದರಿಂದ ಸಾಲ ತೀರಿಸುವ ಶಕ್ತಿಯೂ ಇರಲಿಲ್ಲ. ಅದನ್ನು ಸರಿಪಡಿಸಲು ಕೂಡಿದವರು ಹೊಸ ರಾಜ್ಯಾಂಗವನ್ನೇ ಬರೆದರು. ಬಂದವರು 55 ಮಂದಿ, ಕೊನೆಗೆ ರುಜು ಹಾಕಿದವರು 39; ರೋಡ್ ಐಲೆಂಡ್ ಎಂಬ ಚಿಕ್ಕ ಸಂಸ್ಥಾನವು ಯಾರನ್ನೂ ಕಳುಹಿಸಲೇ ಇಲ್ಲ. ಸಭೆಯು ಗುಟ್ಟಾಗಿ ನಡೆಯಿತು. ಮ್ಯಾಡಿಸನ್ನನು ಬರೆದಿಟ್ಟುಕೊಂಡ ಟಿಪ್ಪಣಿಗಳು ಅಚ್ಚಾದುದು ಅವನು ಸತ್ತ ಮೇಲೆ, 1840ರಲ್ಲಿ. ಭಾರತದ ಸಂವಿಧಾನ ಸಭೆಯ ಚರ್ಚೆಗಳಾದರೋ ಬಹಿರಂಗವಾಗಿ ನಡೆದು ಸಂಪುಟಸಂಪುಟವಾಗಿ ಮುದ್ರಿತವಾಗಿವೆ. ಈ ಭೇದವನ್ನು ಹೇಳಿ ಮುಂದೆ ನಡೆಯಬಹುದು.

ತಡೆದು ನಿಲ್ಲಬೇಕಾದ ಸ್ಥಳ ಬೇರೆಯಿದೆ. ಆ ರಾಜ್ಯಾಂಗವು ಜನಸಂಖ್ಯೆಗನುಸಾರವಾಗಿ ಪ್ರತಿನಿಧಿಗಳನ್ನು ಹಂಚುವಾಗ ಸ್ವತಂತ್ರರನ್ನು ಪೂರ್ಣವಾಗಿ ಎಣಿಸಿತು. ಗುಲಾಮರನ್ನು ಐದರಲ್ಲಿ ಮೂರು ಪಾಲಿನಂತೆ ಎಣಿಸಿತು. ವಿಚಿತ್ರವೇನೆಂದರೆ ‘ಗುಲಾಮ’ ಎಂಬ ಶಬ್ದವು 1787ರ ಆ ಪತ್ರದಲ್ಲಿ ಎಲ್ಲಿಯೂ ಇಲ್ಲ. ‘ಇತರ ವ್ಯಕ್ತಿಗಳು’ ಎಂದು ಬರೆದು ನಾಚಿಕೆಯನ್ನು ಮುಚ್ಚಿಕೊಂಡರು. ಆ ಶಬ್ದವು ರಾಜ್ಯಾಂಗದೊಳಗೆ ಬಂದುದು ಘೋರವಾದ ಅಂತರ್ಯುದ್ಧವಾದ ಮೇಲೆ, 1865ರ ಹದಿಮೂರನೆಯ ತಿದ್ದುಪಡಿಯಲ್ಲಿ, ದಾಸ್ಯವನ್ನು ರದ್ದುಮಾಡುವ ಸಲುವಾಗಿ. ಭಾರತದ ಸಂವಿಧಾನವು ತನ್ನ ದೇಶದ ಪಾಪವನ್ನು ಹೆಸರಿಟ್ಟು ಕರೆಯಿತು. 17ನೆಯ ಅನುಚ್ಛೇದದಲ್ಲಿ ‘ಅಸ್ಪೃಶ್ಯತೆ’ ಎಂಬ ಶಬ್ದವೇ ಇದೆ. ಪರ್ಯಾಯಪದದ ಮರೆಯಲ್ಲಿ ನಿಂತ ದೋಷವನ್ನು ಕೀಳುವುದು ಕಷ್ಟವೆಂಬುದನ್ನು ವ್ಯಾಕರಣ ಓದಿದವರು ಚೆನ್ನಾಗಿ ಬಲ್ಲರು.

ಇಲ್ಲಿ ಉಪಾಧ್ಯಾಯನು ಅಮೆರಿಕದವರನ್ನು ದೂರಿ ಮಕ್ಕಳನ್ನು ನಗಿಸಿ ಕುಳಿತುಕೊಳ್ಳಬಾರದು. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಬುಕಾನನ್ನನು ಕೆನರಾದ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ವಿಷಯವನ್ನು ಬರೆದಿದ್ದಾನೆ. ದಾಸ್ಯಕ್ಕೆ ಇದ್ದ ಕಾನೂನಿನ ಮಾನ್ಯತೆಯನ್ನು ಕುಂಪಣಿ ಸರಕಾರವು ತೆಗೆದುಹಾಕಿದುದು 1843ರಲ್ಲಿ. ಅದು ಹೋಗಲಿ, 17ನೆಯ ಅನುಚ್ಛೇದವು ಜಾರಿಗೆ ಬಂದು ಐವತ್ತು ವರ್ಷವಾದ ಮೇಲೆ, 2000ದಲ್ಲಿ, ಕೊರಗರ ಮೇಲೆ ಹೇರಿದ್ದ ‘ಅಜಲು’ ಎಂಬ ಅಪಮಾನಕರವಾದ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದ ವಿಧಾನಮಂಡಲವು ಪ್ರತ್ಯೇಕ ಅಧಿನಿಯಮವನ್ನೇ ಮಾಡಬೇಕಾಯಿತು. ಈ ಸೀಮೆಯ ಎಷ್ಟೋ ತರಗತಿಗಳಲ್ಲಿ ಕೊರಗರ ಮಗುವೂ ಕುಳಿತಿರುತ್ತದೆ, ಅಜಲು ಮಾಡಿಸಿದವರ ಮನೆಯ ಮಗುವೂ ಕುಳಿತಿರುತ್ತದೆ. ಐದರಲ್ಲಿ ಮೂರು ಪಾಲೆಂಬ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು, ಆ ಇಬ್ಬರ ಮುಖವನ್ನೂ ನೋಡುತ್ತ ಈ ಎರಡನೆಯ ಸಂಗತಿಯನ್ನು ಹೇಳುವುದು ಸುಲಭವಲ್ಲ. ಯಾರ ಕಡೆಗೂ ಬೆರಳು ತೋರದೆ, ಯಾವುದನ್ನೂ ಮುಚ್ಚದೆ ಹೇಳುವುದರಲ್ಲಿ ಉಪಾಧ್ಯಾಯನ ಯೋಗ್ಯತೆ ತಿಳಿಯುತ್ತದೆ. ಅನೇಕರು ಈ ಪುಟವನ್ನು ಹಾರಿಸುತ್ತಾರೆ.

ಎರಡು ರಾಜ್ಯಾಂಗಗಳ ನೇರವಾದ ಭೇಟಿಯು ಈ ಜಿಲ್ಲೆಯ ಮನೆತನವೊಂದರ ಪುರುಷನಿಂದಲೇ ಆಯಿತು. ಬೆನಗಲ್ ನರಸಿಂಗರಾಯರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಹುಟ್ಟಿದರು. ಅಲ್ಲಿಯ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು ಕೇಂಬ್ರಿಜ್‌ಗಳಲ್ಲಿ ವಿದ್ಯಾಭ್ಯಾಸ ಮುಗಿಸಿ ಐ.ಸಿ.ಎಸ್. ಸೇರಿದರು, ಕಲಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು, 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಮೊದಲ ಕರಡನ್ನು 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿದವರು ಇವರು. ಇದನ್ನು ಹಿಡಿದುಕೊಂಡು ಊರಭಿಮಾನಿಗಳು ಕೆಲವರು ಸಂವಿಧಾನವನ್ನು ಬರೆದವರು ರಾಯರೇ ಎಂದು ಸಾಧಿಸುವುದುಂಟು. ಅದು ಸಲ್ಲದು. ಕರಡು ಸಮಿತಿಯ ಶ್ರಮವನ್ನೂ, ಅಂಬೇಡ್ಕರರು ಸಭೆಯಲ್ಲಿ ಒಂದೊಂದು ಅನುಚ್ಛೇದವನ್ನೂ ಸಮರ್ಥಿಸಿದ ಪರಿಯನ್ನೂ ಓದಿದವರು ಹಾಗೆ ಹೇಳಲಾರರು. ರಾಯರಿಗೆ ಸಲ್ಲಬೇಕಾದುದನ್ನು 1949ರ ನವೆಂಬರ್ 25ರಂದು ಅಂಬೇಡ್ಕರರೇ ತುಂಬಿದ ಸಭೆಯಲ್ಲಿ ಸಲ್ಲಿಸಿದ್ದಾರೆ. ಅದಕ್ಕಿಂತ ಹೆಚ್ಚಿನದು ರಾಯರಿಗೆ ಬೇಕಾಗಿಯೂ ಇರಲಿಲ್ಲ.

ಕರಡನ್ನು ಒಪ್ಪಿಸಿದ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ರಾಜ್ಯಾಂಗವನ್ನು ಬಲ್ಲವರನ್ನು ಕಂಡರು. ಕರಡಿನಲ್ಲಿ, ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ‘ನ್ಯಾಯಸಮ್ಮತವಾದ ವಿಧಾನ’ವಿಲ್ಲದೆ ಕಸಿದುಕೊಳ್ಳಬಾರದೆಂಬ ಅಮೆರಿಕದ ಐದನೆಯ ತಿದ್ದುಪಡಿಯ ಮಾತಿತ್ತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರನು, ಆ ಮಾತನ್ನು ಸೇರಿಸಬೇಡಿರಿ, ಪ್ರಜೆಗಳು ಆರಿಸಿದವರು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತೊಡೆದುಹಾಕುವ ದಾರಿಯು ಅದರಿಂದ ತೆರೆಯುತ್ತದೆಂದು ಎಚ್ಚರಿಸಿದನು. ರಾಯರು ಒಪ್ಪಿದರು. ಕರಡು ಸಮಿತಿಯು ಜಪಾನಿನ ರಾಜ್ಯಾಂಗವನ್ನು ಅನುಸರಿಸಿ ‘ಕಾನೂನಿನಿಂದ ಸ್ಥಾಪಿತವಾದ ವಿಧಾನ’ ಎಂದು ಬದಲಿಸಿತು. 21ನೆಯ ಅನುಚ್ಛೇದದಲ್ಲಿ ಇಂದಿಗೂ ಇರುವುದು ಆ ನುಡಿಯೇ.

ಎರಡು ನುಡಿಗಳ ಅಂತರವು ಮಕ್ಕಳಿಗೆ ತಿಳಿಯದೆಂದು ಭಾವಿಸುವವರು ಮಕ್ಕಳನ್ನು ಅರಿಯರು. ಗಂಟೆ ಬಾರಿಸಿದೊಡನೆ ಗೇಟು ಮುಚ್ಚತಕ್ಕದ್ದೆಂದು ಶಾಲೆಯಲ್ಲಿ ಒಂದು ನಿಯಮವಿದೆಯೆನ್ನೋಣ. ಕುದ್ರುವಿನಿಂದ ದೋಣಿಯಲ್ಲಿ ಬರುವ ಹುಡುಗಿಯೊಬ್ಬಳು ಆಷಾಢದ ನೆರೆಯಲ್ಲಿ ತಡವಾಗಿ ಬಂದು ಹೊರಗೆ ನಿಂತಿದ್ದಾಳೆ. ನಿಯಮವು ಬರೆದಂತೆಯೇ ನಡೆದಿದೆ. ಆದರೆ ಆ ನಿಯಮವೇ ನ್ಯಾಯವೋ? ಈ ಪ್ರಶ್ನೆಯನ್ನು ಎತ್ತಿದರೆ ತರಗತಿಯು ತಾನಾಗಿ ಎರಡು ಪಕ್ಷವಾಗುತ್ತದೆ. ಗೇಟು ಮುಚ್ಚಲೇಬೇಕು, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕೆನ್ನುವವರೂ ಇರುತ್ತಾರೆ. ನೆರೆಯು ಗಂಟೆಯನ್ನು ಕೇಳುವುದಿಲ್ಲವೆನ್ನುವವರೂ ಇರುತ್ತಾರೆ. ಅವರು ವಾದಿಸುತ್ತಿರುವುದು 21ನೆಯ ಅನುಚ್ಛೇದವನ್ನೇ ಎಂದು ಆಮೇಲೆ ಹೇಳಿದರಾಯಿತು. ನೆರೆಯ ಮಲಬಾರಿನ ಎ. ಕೆ. ಗೋಪಾಲನ್ನರು ಮದರಾಸು ಸರಕಾರವು ತಮ್ಮನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟುದನ್ನು ಪ್ರಶ್ನಿಸಿದಾಗ, 1950ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಸನ ಹೇಳಿದ ಕ್ರಮವಿದ್ದರೆ ಸಾಕೆಂದು ತೀರ್ಪಿತ್ತಿತು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಆ ಕ್ರಮವು ನ್ಯಾಯವಾದುದೂ ಯುಕ್ತವಾದುದೂ ಆಗಿರಬೇಕೆಂದಿತು. ರಾಯರು ಬಿಟ್ಟುಬಂದುದು ಮೂವತ್ತು ವರ್ಷಗಳ ಮೇಲೆ ಹಿತ್ತಿಲ ಬಾಗಿಲಿನಿಂದ ಮನೆಗೆ ಬಂದಿತು. ಫ್ರಾಂಕ್‌ಫರ್ಟರನ ಅಂಜಿಕೆಯು ಸುಳ್ಳಾಯಿತೋ ನಿಜವಾಯಿತೋ ಎಂಬುದನ್ನು ಮಕ್ಕಳು ದೊಡ್ಡವರಾಗಿ ನಿರ್ಣಯಿಸಲಿ.

2023ರಿಂದ ಕರ್ನಾಟಕದ ಶಾಲೆಗಳಲ್ಲಿ ಪ್ರಸ್ತಾವನೆಯನ್ನು ಓದಿಸುವ ಏರ್ಪಾಡಾಗಿದೆ. ಕಂಠಪಾಠವನ್ನು ಹಳಿಯುವುದು ಈಗಿನ ಕಾಲದ ಒಂದು ಚಾಳಿ; ಬಾಯಿಗೆ ಬಂದುದು ಎಂದಾದರೊಂದು ದಿನ ಮನಸ್ಸಿಗೂ ಇಳಿದೀತು. ಆದರೆ ಅರ್ಥವರಿಯದೆ ವೇದವನ್ನು ಓದಿದವನನ್ನು ಯಾಸ್ಕಾಚಾರ್ಯರು ನಿರುಕ್ತದಲ್ಲಿ ಹೊರೆ ಹೊತ್ತ ಕಂಬಕ್ಕೆ ಹೋಲಿಸಿದುದನ್ನೂ ಮರೆಯಬಾರದು. ಅದರಂತೆಯೇ ಇನ್ನೊಂದು ಚಾಳಿ: ಬಾರಕೂರು ಬಸರೂರುಗಳ ಶಾಸನಗಳಲ್ಲಿ ಕೇರಿಗಳ ‘ಹಲರು’ ಕೂಡಿ ನಿರ್ಣಯಿಸಿದರೆಂದು ಬರುವುದನ್ನು ತೋರಿಸಿ, ಅಮೆರಿಕದವರಿಗಿಂತ ಮೊದಲೇ ಇಲ್ಲಿ ಪ್ರಜಾಪ್ರಭುತ್ವವಿತ್ತೆಂದು ಬೀಗುವುದು. ಹಲರು ಎಂದರೆ ಎಲ್ಲರೂ ಅಲ್ಲ. ಕೂಡಿ ಮಾತನಾಡುವ ಅಭ್ಯಾಸವು ಈ ನೆಲಕ್ಕೆ ಹೊಸದಲ್ಲವೆಂದು ತಿಳಿದರೆ ಅಷ್ಟೇ ಸಾಕು. ಆ ಕೂಟದಲ್ಲಿ ಯಾರಿರಲಿಲ್ಲವೆಂದು ಮಗುವೊಂದು ಕೇಳಿತೆಂದರೆ, ಅದು ಫಿಲಡೆಲ್ಫಿಯಾದ ಪಾಠವನ್ನೂ ಸರಿಯಾಗಿ ಕೇಳಿದೆಯೆಂದು ತಿಳಿಯಬೇಕು.

ಇನ್ನು ರಾಜ್ಯಗಳ ವಿಷಯ. ಅಮೆರಿಕದಲ್ಲಿ ಮೊದಲು ಸಂಸ್ಥಾನಗಳು, ಆಮೇಲೆ ಒಕ್ಕೂಟ. ಅಲ್ಲಿ ಒಂದು ಸಂಸ್ಥಾನವನ್ನು ಸೀಳಿ ಇನ್ನೊಂದನ್ನು ಮಾಡುವುದಕ್ಕೆ ಅದರ ಶಾಸನಸಭೆಯ ಒಪ್ಪಿಗೆ ಬೇಕು. ಭಾರತದಲ್ಲಿ ಒಕ್ಕೂಟವು ರಾಜ್ಯಗಳ ಕರಾರಿನಿಂದ ಹುಟ್ಟಿದುದಲ್ಲವೆಂದು ಅಂಬೇಡ್ಕರರು 1948ರ ನವೆಂಬರ್ 4ರಂದೇ ಸ್ಪಷ್ಟಪಡಿಸಿದರು. 3ನೆಯ ಅನುಚ್ಛೇದದಂತೆ ಸಂಸತ್ತು ರಾಜ್ಯದ ಅಭಿಪ್ರಾಯವನ್ನು ಕೇಳಬೇಕು, ಒಪ್ಪಿಗೆಯೇ ಬೇಕೆಂದಿಲ್ಲ. ಮಕ್ಕಳಿಗೆ ಇದು ಬಾಯಿಮಾತಿನಿಂದ ಹತ್ತುವುದಿಲ್ಲ. ಆದರೆ ಬೈಂದೂರಿನ ಉತ್ತರಕ್ಕೆ ಶಿರೂರಿದೆ, ಶಿರೂರಿನ ಆಚೆಗೆ ಭಟ್ಕಳವಿದೆ. 1956ರ ಅಕ್ಟೋಬರ್ 31ರವರೆಗೆ ಶಿರೂರು ಮದರಾಸು ರಾಜ್ಯದ್ದು, ಭಟ್ಕಳವು ಮುಂಬಯಿ ರಾಜ್ಯದ್ದು. ಮರುದಿನ ಬೆಳಗಾಗುವಾಗ ಎರಡೂ ಮೈಸೂರು ರಾಜ್ಯದವು. ಅದೇ ದಿವಸ ಕಾಸರಗೋಡು ಕೇರಳಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು, 1997ರಲ್ಲಿ ಜಿಲ್ಲೆಯು ಉಡುಪಿಯಾಯಿತು, ಬೈಂದೂರು ಬ್ರಹ್ಮಾವರಗಳು ತಾಲೂಕುಗಳಾದುದು ಇತ್ತೀಚೆಗೆ. ಅಜ್ಜಿ ಮಾತ್ರ ಅದೇ ಮನೆಯ ಅದೇ ಜಗಲಿಯಲ್ಲಿ ಕುಳಿತಿದ್ದಾಳೆ. ಅವಳನ್ನು ಯಾವ ರಾಜ್ಯದಲ್ಲಿ ಹುಟ್ಟಿದಿರೆಂದು ಕೇಳಿ ಬರೆದುಕೊಂಡು ಬರುವಂತೆ ಮಕ್ಕಳಿಗೆ ಒಂದು ಶನಿವಾರ ಹೇಳಿಕಳುಹಿಸಿದರೆ, ಸೋಮವಾರದ ಪಾಠವು ತಾನೇ ಸಿದ್ಧವಾಗಿ ಬರುತ್ತದೆ. 1956ರ ಆ ಬೆಳಗನ್ನು ಕಂಡು ನೆನಪಿಟ್ಟುಕೊಂಡವರಿಗೆ ಈಗ ಎಂಬತ್ತು ಸಮೀಪಿಸಿದೆ. ಕೇಳಿಸುವುದಿದ್ದರೆ ಈ ವರ್ಷವೇ ಕೇಳಿಸಬೇಕು.