ಭೀತಿಯ ಕಥೆ: ಬರೆದವರು, ಹೊತ್ತು ಮಾರಿದವರು

ಮನುಷ್ಯನಿಗೆ ಅನ್ನದ ಹಸಿವಿನಷ್ಟೇ ಹಳೆಯದಾದ ಇನ್ನೊಂದು ಹಸಿವು ಉಂಟು. ಅದು ಕಥೆಯ ಹಸಿವು. ಅದರಲ್ಲಿಯೂ ಭಯದ ಕಥೆ ಎಂದರೆ ಮಕ್ಕಳು ಊಟವನ್ನೂ ಮರೆಯುತ್ತಾರೆ. ಈ ಮಾತಿನ ಸತ್ಯವು ನಮಗೆ ಒಂದು ಆಷಾಢದಲ್ಲಿ ಚೆನ್ನಾಗಿ ಮನವರಿಕೆಯಾಯಿತು.

ಹಿರಣ್ಯಕೇಶಿ ತುಂಬಿ ಹರಿಯುತ್ತಿದ್ದ ದಿನಗಳವು. ಗಡಹಿಂಗ್ಲಜ ಸೀಮೆಯ ನಮ್ಮ ಕನ್ನಡ ಶಾಲೆಗೆ ಅಂದು ಅರ್ಧದಷ್ಟು ಮಕ್ಕಳೇ ಬಂದಿದ್ದರು. “ದೆವ್ವದ ಕಥಿ ಹೇಳ್ರಿ, ಗುರೂಜಿ” ಎಂದು ಅವರು ಹಟ ಹಿಡಿದರು. ನಾವು ಹಾಳುಬಾವಿಯೊಂದರ ಕಥೆಯನ್ನು ಕಟ್ಟಿ ಹೇಳಿದೆವು. ಬಾವಿಯೊಳಗಿನ ದನಿ ಯಾರದೆಂಬುದನ್ನು ಹೇಳದೆಯೇ ಕಥೆಯನ್ನು ನಿಲ್ಲಿಸಿ, ನಮ್ಮ ಜಾಣ್ಮೆಗೆ ನಾವೇ ಮೆಚ್ಚಿಕೊಂಡೆವು. ಮರುದಿನ, ಕನ್ನಡ ಪುಸ್ತಕವನ್ನು ಎಂದೂ ತೆರೆಯದ ಹುಡುಗನೊಬ್ಬ ಬಂದು, “ಆ ಕಥಿ ಯಾವ ಪುಸ್ತಕದಾಗ ಐತ್ರಿ?” ಎಂದು ಕೇಳಿದ. ಕೊಡಲು ನಮ್ಮಲ್ಲಿ ಪುಸ್ತಕವಿರಲಿಲ್ಲ. ಮೂರನೆಯ ದಿನ ಒಬ್ಬ ತಾಯಿ ಬಂದು, “ಗುರೂಜಿ, ಹುಡುಗಿ ಕತ್ತಲಾದ ಮ್ಯಾಲೆ ಹೊರಗ ಕಾಲಿಡವಲ್ಲದು. ಏನ್ ಕಥಿ ಹೇಳೀರಿ ನೀವು?” ಎಂದರು. ಅವರಿಗೂ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ.

ಪುಸ್ತಕವೆಲ್ಲಿ ಎಂಬುದು ಒಂದು ಪ್ರಶ್ನೆ. ಕಥೆ ಎಂಥದು ಎಂಬುದು ಇನ್ನೊಂದು. ಭೀತಿಯ ಕಥೆಯನ್ನು ಬರೆಯುವ ವಿದ್ಯೆಯೂ ಅದನ್ನು ಓದುಗನಿಗೆ ಮುಟ್ಟಿಸುವ ವಿದ್ಯೆಯೂ ನಮ್ಮ ನಾಡಿನಲ್ಲಿ ಹೇಗೆ ಬೆಳೆದುಬಂದವೆಂದು ಹುಡುಕಲು ಈ ಎರಡು ಪ್ರಶ್ನೆಗಳೇ ನಮ್ಮನ್ನು ಹಚ್ಚಿದವು.

ಮೊದಲು ಒಂದು ಐತಿಹ್ಯ. ಪ್ರತಿಷ್ಠಾನದ, ಎಂದರೆ ಇಂದಿನ ಪೈಠಣದ, ಸಾತವಾಹನ ರಾಜನ ಆಸ್ಥಾನದಲ್ಲಿ ಗುಣಾಢ್ಯನೆಂಬ ಪಂಡಿತನಿದ್ದನಂತೆ. ಅವನು ಕಾಡಿನಲ್ಲಿ ಕುಳಿತು, ಮಸಿಯಿಲ್ಲದೆ ತನ್ನ ರಕ್ತದಿಂದಲೇ 7 ಲಕ್ಷ ಶ್ಲೋಕಗಳ ‘ಬೃಹತ್ಕಥೆ’ಯನ್ನು ಬರೆದನೆಂದು ‘ಕಥಾಸರಿತ್ಸಾಗರ’ ಹೇಳುತ್ತದೆ. ಭಾಷೆ ಪೈಶಾಚಿ. ಪಿಶಾಚಿಗಳ ಭಾಷೆಯೆಂದು ರಾಜನು ಗ್ರಂಥವನ್ನು ತಿರಸ್ಕರಿಸಿದನು. ಗುಣಾಢ್ಯನು ಬೆಂಕಿಯ ಮುಂದೆ ಕುಳಿತು ಒಂದೊಂದೇ ಗರಿಯನ್ನು ಓದಿ ಸುಡತೊಡಗಿದನು. ಕಾಡಿನ ಮೃಗಗಳು ಮೇವನ್ನು ಮರೆತು ಕಣ್ಣೀರಿಡುತ್ತ ಕೇಳಿದವು. ರಾಜನಿಗೆ ತಪ್ಪಿನ ಅರಿವಾಗುವ ಹೊತ್ತಿಗೆ ಉಳಿದದ್ದು 1 ಲಕ್ಷ ಶ್ಲೋಕ ಮಾತ್ರ. ಬೇತಾಳನ ಇಪ್ಪತ್ತೈದು ಕಥೆಗಳು ಇಂದು ನಮಗೆ ದೊರೆಯುವುದು ಈ ಪರಂಪರೆಯ ಗ್ರಂಥಗಳಲ್ಲಿಯೇ. ಸುಮಾರು 1031ರಲ್ಲಿ ಕನ್ನಡದಲ್ಲಿ ‘ಪಂಚತಂತ್ರ’ ಬರೆದ ದುರ್ಗಸಿಂಹನೂ ಗುಣಾಢ್ಯನನ್ನು ನೆನೆದಿದ್ದಾನೆ. ಇದು ಐತಿಹ್ಯವೇ ಇರಲಿ. ಆದರೆ ಕಥೆಯ ಗುಣವನ್ನು ನೋಡದೆ ಭಾಷೆಯನ್ನು ನೋಡಿ ತಳ್ಳಿದರೆ ಏನು ಸುಟ್ಟುಹೋಗುತ್ತದೆ ಎಂಬುದನ್ನು ಗಡಿನಾಡಿನ ಶಿಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಶಾಸ್ತ್ರದ ಮಾತು. ಭರತನು ‘ನಾಟ್ಯಶಾಸ್ತ್ರ’ದಲ್ಲಿ ಭಯಾನಕಕ್ಕೆ ಕಪ್ಪು ಬಣ್ಣವನ್ನೂ ಕಾಲನನ್ನು ದೇವತೆಯಾಗಿಯೂ ಹೇಳಿದ್ದಾನೆ. ವಿಕಾರವಾದ ದನಿ, ಪಾಳುಮನೆ, ಅರಣ್ಯ ಇವು ಭಯದ ಕಾರಣಗಳು. ಭಯವು ಮೂರು ಬಗೆ: ನಟನೆಯ ಭಯ, ಬೆದರಿಸಿದ್ದರಿಂದಾದ ಭಯ, ತನ್ನ ಅಪರಾಧದಿಂದ ತನಗೇ ಹುಟ್ಟಿದ ಭಯ. ಇವುಗಳಲ್ಲಿ ಕೊನೆಯದೇ ಬಹುಕಾಲ ನಿಲ್ಲುವಂಥದೆಂದು ನಮಗೆ ತೋರುತ್ತದೆ. ನಮ್ಮ ದೊಡ್ಡ ಕವಿಗಳು ಹಿಡಿದದ್ದೂ ಅದನ್ನೇ.

ಹತ್ತನೆಯ ಶತಮಾನದ ರನ್ನನು ನಮ್ಮ ನೆರೆಯ ಮುಧೋಳದವನು, ಬಳೆಗಾರರ ಮನೆಯವನು. ವಿದ್ಯೆಗಾಗಿ ದೂರದ ಗಂಗನಾಡಿಗೆ ಹೋಗಿ, ಚಾವುಂಡರಾಯನ ಆಶ್ರಯದಲ್ಲಿ ಕಲಿತು, ಮುಂದೆ ಚಾಲುಕ್ಯರ ಆಸ್ಥಾನವನ್ನು ಸೇರಿದನು. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಯುತ್ತಾನೆ; ಮರುಳುಗಳು ಅವನನ್ನು ಅಣಕಿಸುತ್ತವೆ. ಮರುಳು ಎಂದರೆ ಪಿಶಾಚಿ. ಮರುಳು ಎಂದರೆ ಬುದ್ಧಿಭ್ರಮೆಯೂ ಹೌದು. ಅಲ್ಲಿಂದ ಮುಂದೆ ಅವನಿಗೆ ಕಾಣುವುದು ದ್ರೋಣ, ದುಶ್ಶಾಸನ, ಕರ್ಣರ ದೇಹಗಳು. ಹೆದರಿಕೆಯೆಂದು ತೊಡಗಿದ್ದು ದುಃಖವಾಗಿ ಮುಗಿಯುತ್ತದೆ. ಕಸಬು ಎಂದರೆ ಇದು!

ಅದೇ ಕಾಲದ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಧ್ಯಾನದಲ್ಲಿ ನಿಂತವನನ್ನು ನರಿಯೊಂದು ಮರಿಗಳೊಡನೆ ತಿನ್ನುತ್ತ ಬರುವ ಆ ಸಂದರ್ಭವನ್ನು ಓದಿ ನಡುಗದವರಿಲ್ಲ. ಆದರೆ ಆ ನರಿಗೆ ಹಿಂದಿನ ಜನ್ಮದ ಮುನಿಸೊಂದು ಕಾರಣವಾಗಿದೆ. ಇಂಥ ಆರಾಧನಾ ಕಥೆಗಳ ಬೇರುಗಳನ್ನು ಶೋಧಿಸಿದವರು ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕ ಡಾ. ಆ. ನೇ. ಉಪಾಧ್ಯೆ ಎಂಬುದು ನಮಗೆ ಅಭಿಮಾನದ ಸಂಗತಿ. ಸದಲಗೆಯಲ್ಲಿ 1906ರಲ್ಲಿ ಜನಿಸಿದ ಅವರು ಹರಿಷೇಣನ ‘ಬೃಹತ್ಕಥಾಕೋಶ’ವನ್ನು 1943ರಲ್ಲಿ ಸಂಪಾದಿಸಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಜನ್ನನ ‘ಯಶೋಧರ ಚರಿತೆ’ 1209ರದು. ಚಂಡಮಾರಿಯ ಗುಡಿಗೆ ಬಲಿಗಾಗಿ ಎಳೆತಂದ ಇಬ್ಬರು ಎಳೆಯರು ಹೆದರದೆ ನಿಂತು ತಮ್ಮ ಹಿಂದಿನ ಜನ್ಮಗಳನ್ನು ಹೇಳುತ್ತಾರೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪವೊಂದೇ ಯಶೋಧರನನ್ನು ಜನ್ಮಜನ್ಮಕ್ಕೆ ಅಟ್ಟಿತು. ಅದನ್ನು ಕೇಳಿದ ಮಾರಿದತ್ತ ರಾಜನು ಕತ್ತಿಯನ್ನು ಕೆಳಗಿಟ್ಟನು. ಇಲ್ಲಿ ಕಥೆ ಕೇಳುವವರನ್ನು ಕತ್ತಲೆಯಲ್ಲಿ ಬಿಟ್ಟು ಹೋಗುವುದಿಲ್ಲ. ಕೈಹಿಡಿದು ಹೊರಗೆ ತರುತ್ತದೆ. ನಮ್ಮ ಹಾಳುಬಾವಿಯ ಕಥೆಯಲ್ಲಿ ತಪ್ಪಿದ್ದೇನೆಂಬುದು ಜನ್ನನ ಮುಂದೆ ಕುಳಿತಾಗ ನಮಗೆ ತಿಳಿಯಿತು.

ಪಶ್ಚಿಮದಲ್ಲಿಯೂ ಈ ಕಥೆ ಮಳೆಯಲ್ಲಿಯೇ ಹುಟ್ಟಿತು. ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದುದರಿಂದ ಮರುವರ್ಷ ಯುರೋಪಿಗೆ ಬೇಸಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯಲ್ಲಿ, ಮಳೆಗೆ ಮನೆ ಹಿಡಿದು ಕುಳಿತ ಗೆಳೆಯರು ತಲೆಗೊಂದು ದೆವ್ವದ ಕಥೆ ಬರೆಯೋಣವೆಂದು ಪಂಥ ಕಟ್ಟಿದರು. 18 ವರ್ಷದ ಮೇರಿ ಅಂದು ತೊಡಗಿದ ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ, ಲೇಖಕಿಯ ಹೆಸರೂ ಇಲ್ಲದೆ, 500 ಪ್ರತಿಗಳಲ್ಲಿ ಅಚ್ಚಾಯಿತು.

ಅದಿರಲಿ, ಬರೆದರಷ್ಟೇ ಸಾಲದು, ಮುಟ್ಟಿಸಬೇಕು. ಹಿಂದೆ ಆ ಕೆಲಸ ದಾನಿಗಳದಾಗಿತ್ತು. ರನ್ನನಿಂದ ‘ಅಜಿತಪುರಾಣ’ವನ್ನು ಬರೆಸಿದ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಅಚ್ಚುಕೂಟ ಬಂದ ಮೇಲೆ ಆ ಹೊರೆ ಲೇಖಕನ ತಲೆಯ ಮೇಲೆಯೇ ಬಿತ್ತು. ತಲೆಯ ಮೇಲೆ ಎಂದುದು ಅಲಂಕಾರವಲ್ಲ. ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942), ನಮ್ಮ ಹಾಗೆಯೇ ಶಾಲಾ ಶಿಕ್ಷಕರಾಗಿದ್ದವರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. ಅವರದು ಭೂತದ ಕಥೆಗಳಲ್ಲ, ಇತಿಹಾಸದ ಕಥೆಗಳು. ಆದರೆ ಮುಂದೇನಾಯಿತೋ ಎಂದು ಪುಟ ಮಗುಚುವ ಚಟವನ್ನು ಉತ್ತರ ಕರ್ನಾಟಕಕ್ಕೆ ಹಿಡಿಸಿದವರಲ್ಲಿ ಅವರು ಮೊದಲಿಗರು.

ಆ ಚಟದ ಮೇಲೆಯೇ ಮುಂದಿನವರು ಮನೆ ಕಟ್ಟಿದರು. 1949ರಲ್ಲಿ ಕನ್ನಡ ‘ಚಂದಮಾಮ’ ಬಂದು, ವಿಕ್ರಮನ ಹೆಗಲ ಮೇಲಿನ ಬೇತಾಳನನ್ನು ಮಕ್ಕಳ ಗೆಳೆಯನನ್ನಾಗಿ ಮಾಡಿತು. 2013ರಲ್ಲಿ ಅದು ನಿಂತುಹೋದುದು ಕನ್ನಡ ಶಾಲೆಗಳಿಗೆ ಸಣ್ಣ ನಷ್ಟವಲ್ಲ. ಎನ್. ನರಸಿಂಹಯ್ಯನವರು (1925–2011) ಹೆಚ್ಚು ಶಾಲೆ ಕಲಿತವರಲ್ಲ. ಆದರೂ ‘ಪತ್ತೇದಾರ ಪುರುಷೋತ್ತಮ’ನನ್ನು ಸೃಷ್ಟಿಸಿ, 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಪಂಡಿತರು ಮುಟ್ಟದ ಜನರನ್ನು ಓದಿಗೆ ಎಳೆದರು.

ಮರಾಠಿಯ ನೆರೆಯವರು ಈ ವಿದ್ಯೆಯಲ್ಲಿ ನಮಗಿಂತ ಮುಂದೆ ಹೋದರೆಂದು ಒಪ್ಪಬೇಕು. ನಾರಾಯಣ ಧಾರಪ (1925–2008) ಭಯಕಥೆಯನ್ನೇ ತಮ್ಮ ಕ್ಷೇತ್ರವಾಗಿ ಮಾಡಿಕೊಂಡರು. ರತ್ನಾಕರ ಮತಕರಿ (1938–2020) ಗೂಢಕಥೆಗೆ ಗೌರವ ತಂದರು. ಅವರಿಗೆ ಬೆನ್ನೆಲುಬಾದದ್ದು ಊರೂರಿನ ವಾಚನಾಲಯ. ಕೊಲ್ಹಾಪುರದ ಕರವೀರ ನಗರ ವಾಚನ ಮಂದಿರ 1850ರಷ್ಟು ಹಳೆಯದು. ಕೊಳ್ಳಲಾರದವನೂ ಒಯ್ದು ಓದಬಹುದಾದ ಕಡೆ ಕಥೆಗಾರನು ಬದುಕುತ್ತಾನೆ. ನಮ್ಮ ಹುಡುಗ ಕೇಳಿದ ಪುಸ್ತಕ ಮರಾಠಿಯಲ್ಲಿದ್ದರೆ ಅವನಿಗೆ ಸುಲಭವಾಗಿ ದೊರೆಯುತ್ತಿತ್ತು. ಇದು ಮರಾಠಿಯ ತಪ್ಪಲ್ಲ. ನಮ್ಮ ಬರಿದಾದ ಕಪಾಟಿನ ತಪ್ಪು.

ಆದರೂ ಒಂದು ಎಚ್ಚರ ಬೇಕು. ಭಯವನ್ನು ಕಥೆಯಾಗಿ ಮಾರುವವನು ಬೇರೆ. ಭಯವನ್ನು ನಿಜವೆಂದು ಮಾರುವವನು ಬೇರೆ. ಎರಡನೆಯವನ ವಿರುದ್ಧ ಬಾಳೆಲ್ಲ ಹೋರಾಡಿದ ಡಾ. ನರೇಂದ್ರ ದಾಭೋಲಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅವರು ವರ್ಷಗಟ್ಟಲೆ ಬೇಡಿದ, ನರಬಲಿ ಹಾಗೂ ಮಾಟಮಂತ್ರಗಳ ವಿರುದ್ಧದ ಕಾಯಿದೆಯನ್ನು ಮಹಾರಾಷ್ಟ್ರ ಅದೇ ವರ್ಷ ಜಾರಿಗೆ ತಂದಿತು. ಇಂಥ ನಾಡಿನಲ್ಲಿ ಮಕ್ಕಳಿಗೆ ದೆವ್ವದ ಕಥೆ ಹೇಳುವ ಶಿಕ್ಷಕನು ಕತ್ತಲೆಯೊಡನೆ ಕಂದೀಲನ್ನೂ ಕೊಡಬೇಕು.

ನಾವು ಆ ಕಥೆಯನ್ನು ಮತ್ತೆ ಹೇಳಿ, ಅದರ ಕೊನೆಯನ್ನು ಬರೆಯಲು ಮಕ್ಕಳಿಗೇ ಬಿಟ್ಟೆವು. ಹೆದರಿದ್ದ ಆ ಹುಡುಗಿ ಬರೆದ ಕೊನೆ ಹೀಗಿತ್ತು: ಬಾವಿಯ ದೆವ್ವಕ್ಕೆ ಓದಲು ಬಾರದು, ಅದಕ್ಕೇ ಅದು ಅಳುತ್ತದೆ, ಹುಡುಗಿಯೊಬ್ಬಳು ದಿನಾಲೂ ದಂಡೆಯ ಮೇಲೆ ಕುಳಿತು ಅದಕ್ಕೆ ಅ, ಆ ಕಲಿಸುತ್ತಾಳೆ. ಎಲ್ಲರ ಕಥೆಗಳನ್ನೂ ಹೊಲಿದು 16 ಪುಟದ ಪುಸ್ತಕ ಮಾಡಿ, ಝೆರಾಕ್ಸ್ ಮಾಡಿಸಿ, ಶಾಲೆಯ ಸ್ನೇಹಸಮ್ಮೇಳನದಲ್ಲಿ ಮಾರಿದೆವು. 11 ಪ್ರತಿಗಳು ಹೋದವು. ಗಂಟನ್ನು ಹೊತ್ತು ಪಾಲಕರ ನಡುವೆ ತಿರುಗಿದವನು, ಪುಸ್ತಕವೆಲ್ಲಿ ಎಂದು ಕೇಳಿದ ಆ ಹುಡುಗನೇ.

ಗುಣಾಢ್ಯನ 6 ಲಕ್ಷ ಶ್ಲೋಕಗಳು ಇನ್ನು ಬಾರವು. ಆದರೆ ನಮ್ಮ ಒಂದೊಂದು ಕನ್ನಡ ಶಾಲೆಯೂ ವರ್ಷಕ್ಕೊಂದು ಇಂಥ ಪುಸ್ತಕವನ್ನು ಹೊಲಿದರೆ, ಕೇಳಿದ ಮಗುವಿಗೆ ಕೊಡಲು ನಮ್ಮ ಕೈಯಲ್ಲಿ ಏನಾದರೂ ಇದ್ದೀತು. ಸಹೋದ್ಯೋಗಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿಸುತ್ತೇವೆ.